ಬಾಲ್ಯವಿಲ್ಲದವರ ಕಥೆ ಹೇಳಿದ ಮಾಷ್

ಕಳೆದ ತಿಂಗಳು ಮಾನಂದವಾಡಿಯಿಂದ ಬರುವಾಗ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಮುದುಕರೊಬ್ಬರು ನಶ್ಯದ ಡಬ್ಬಿ ತೆರೆದರು. ಕಿಟಕಿಯ ಗಾಳಿಗೆ ಅದರ ಪುಡಿ ಹಾರಿ ಬಂದು ನೇರ ನನ್ನ ಮೂಗಿಗೇ ಹೊಕ್ಕಿತು. ಸೀನಿ ಸೀನಿ ಕಣ್ಣಲ್ಲಿ ನೀರು ಬಂತು. ಮುದುಕರು ತಿರುಗಿ ಮಲಯಾಳದಲ್ಲಿ ಬೇಸರ ಮಾಡಿಕೊಳ್ಳಬೇಡಿ ಎಂದರು. ನಾನು ಪರವಾಗಿಲ್ಲ ಅಂದೆ. ಆದರೆ ನಮ್ಮೂರು ಕಾಟ್ಟಿಕುಳ ಬಂದು ಇಳಿಯುವವರೆಗೂ ಕಣ್ಣೀರು ನಿಲ್ಲಲಿಲ್ಲ, ಅಷ್ಟು ಹೊತ್ತೂ ಸೀನಿನ ನೆಪ ಹೇಳಿಕೊಂಡು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದೆ.

ನಶ್ಯದ ಘಾಟು ನನ್ನ ಪಾಲಿಗೆ ಒಂಟಿಯಾಗಿ ಬರುವುದಿಲ್ಲ. ಅದರ ಬೆನ್ನಿಗೇ ಕಾಫಿ ಹೊಟ್ಟಿನ ಧೂಳು, ಗೋಣಿಚೀಲದ ಮುಗ್ಗುಲು, ಬೂಸಲು ಹಿಡಿದ ಇಂಗ್ಲಿಷ್ ಪುಸ್ತಕದ ವಾಸನೆ ಎಲ್ಲ ಸಾಲಾಗಿ ಬರುತ್ತವೆ. ಕಣ್ಣೊರೆಸಿಕೊಂಡ ಮೇಲೆ ನಾನು ಮೊದಲು ಮಾಡಿದ್ದೇನು ಗೊತ್ತೇ, ಆ ಮುದುಕರು ನನ್ನನ್ನು ಗುರುತು ಹಿಡಿಯಲೆಂದೇ ಡಬ್ಬಿ ತೆರೆದರೋ ಏನೋ ಎಂದು ಅವರ ಮುಖವನ್ನು ಚೆನ್ನಾಗಿ ನೋಡಿದ್ದು. ನನ್ನ ಬುದ್ಧಿಯೇ ಅಂಥದ್ದು. ಯಾರಾದರೂ ಸುಮ್ಮನೆ ನಕ್ಕರೆ ಯಾಕೆ ನಕ್ಕರು ಎಂದು ಸಂಜೆಯವರೆಗೆ ಯೋಚಿಸುತ್ತೇನೆ. ಹುಟ್ಟುಗುಣವಲ್ಲ ಇದು, ನಡುವೆ ಬಂದು ಸೇರಿಕೊಂಡದ್ದು…

ಕಾಟ್ಟಿಕುಳದಲ್ಲಿ ಬಾವಲಿ ರಸ್ತೆಯ ಪಕ್ಕ ಒಂದು ಕಾಫಿ ಶೆಡ್ಡು ಇತ್ತು. ಈಗ ಅಲ್ಲಿ ಟೈಲ್ಸ್ ಅಂಗಡಿ ಇದೆ. ಹೊಟ್ಟು ತೆಗೆದ ಕಾಫಿ ಬೀಜವನ್ನು ಮೊರದಲ್ಲಿ ಹರವಿಕೊಂಡು ಕರಿ ಬೀಜ, ಒಡಕು ಬೀಜ ಹೆಕ್ಕುವುದು ಅಲ್ಲಿನ ಕೆಲಸ. ಎರಡು ಸಾಲು ಹೆಂಗಸರು ಎದುರುಬದುರು ಕೂರುತ್ತಿದ್ದೆವು. ಹೆಚ್ಚಿನವರು ಕನ್ನಡದವರು, ಗಡಿಯ ಹೊಳೆಯಾಚೆಯಿಂದ ಒಂದೆರಡು ತಲೆಮಾರಿನ ಹಿಂದೆ ಬಂದು ನಿಂತವರು. ಮನೆಯಲ್ಲಿ ಕನ್ನಡ, ರಸ್ತೆಗಿಳಿದರೆ ಮಲಯಾಳ. ಶೆಡ್ಡಿನ ಯಜಮಾನನನ್ನು ಇಲ್ಲಿಯ ರೂಢಿಯಂತೆ ಮೊದಲಾಳಿ ಎನ್ನುತ್ತಿದ್ದೆವು.

ಆ ಮೊದಲಾಳಿ ಎಲ್ಲೋ ಕಣ್ಣೂರು ಕಡೆ ಬೀಡಿ ಕಟ್ಟುವವರಿಗೆ ಒಬ್ಬ ಪೇಪರ್ ಓದಿ ಹೇಳುವುದನ್ನು ನೋಡಿ ಬಂದಿದ್ದ. ನಾನು ಸೇರುವ ಮೊದಲೇ ಶೆಡ್ಡಿನಲ್ಲೂ ಹಾಗೇ ಮಾಡಿಸಿದ್ದ. ಪೇಪರ್ ಓದಿದ ದಿನ ಹೆಂಗಸರು ಅದರ ಮೇಲೆ ಜಗಳಕ್ಕೆ ಬಿದ್ದು ಬೀಜ ಹೆಕ್ಕುವುದನ್ನೇ ಬಿಟ್ಟರಂತೆ. ಕಥೆಯಾದರೆ ಬಾಯಿ ಮುಚ್ಚಿರುತ್ತದೆ, ಕೈ ಓಡುತ್ತದೆ ಎಂದು ಆಮೇಲೆ ಕಂಡುಕೊಂಡ. ಕಥೆ ಹೇಳಲು ಬಂದವರೇ ಮಾಷ್.

ಇಲ್ಲಿ ಮೇಷ್ಟರನ್ನು ಮಾಷ್ ಎನ್ನುತ್ತಾರೆ. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಊರಿನ ವಾಚನಶಾಲೆ, ಅಂದರೆ ಲೈಬ್ರರಿ, ನೋಡಿಕೊಳ್ಳುತ್ತಿದ್ದರು, ಅದರ ಹಿಂದಿನ ಕೋಣೆಯಲ್ಲೇ ಇರುತ್ತಿದ್ದರು. ಅದಕ್ಕೂ ಮೊದಲು ಯಾವುದೋ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರಂತೆ. ಹೆಂಡತಿ ಮಕ್ಕಳಿಲ್ಲ. ಕನ್ನಡದವರೇ, ಆದರೆ ಯಾವ ಕಡೆಯ ಕನ್ನಡ ಎಂದು ಹೇಳಲಾಗದ ಹಾಗೆ ಸಮವಾಗಿ ಮಾತಾಡುತ್ತಿದ್ದರು. ಊರು ಯಾವುದು ಎಂದು ಯಾರಾದರೂ ಕೇಳಿದರೆ ಹೊಳೆಯ ದಿಕ್ಕಿಗೆ ಕೈ ಬೀಸಿ ‘ಆ ಕಡೆ’ ಎನ್ನುತ್ತಿದ್ದರು. ಹೊಳೆಯಾಚೆ ಅಂದರೆ ಇಡೀ ಕರ್ನಾಟಕ ಆಯಿತಲ್ಲ.

ನಾನು ಬಂದದ್ದೂ ಆ ಕಡೆಯಿಂದಲೇ. ಗಂಡನ ಮನೆ ಬಿಟ್ಟು ಬಂದಿದ್ದೆ. ಯಾಕೆ ಬಿಟ್ಟೆ ಎನ್ನುವುದು ಈ ಬರಹಕ್ಕೆ ಬೇಡ. ಬೆನ್ನ ಮೇಲೆ ಗುರುತು ಇದೆ, ಅಷ್ಟು ಸಾಕು. ಮಗಳಿಗೆ ಆಗ ಮೂರು ವರ್ಷ. ಎಲ್ಲಿದ್ದರೂ ಹುಡುಕಿ ಮಗುವನ್ನು ಕಿತ್ತುಕೊಂಡು ಬರುತ್ತೇವೆ ಎಂದು ಗಂಡನ ಮನೆಯವರು ಹೇಳಿಕೊಂಡು ತಿರುಗುತ್ತಿದ್ದರು. ಅವರು ಹೇಳಿದ್ದನ್ನು ಮಾಡುವ ಜನ. ಬಾವಲಿಯ ಗಡಿ ಗೇಟಿನಲ್ಲಿ ಗುರುತಿನವರು ಸಿಕ್ಕಾರೆಂದು ಹೆದರಿ ನಾನು ಆ ದಾರಿ ಬಿಟ್ಟು, ಸುತ್ತು ಹಾಕಿ, ದೋಣಿಯಲ್ಲಿ ಕಬಿನಿ ದಾಟಿ ಕೊಳವಳ್ಳಿ ಕಡೆ ಇಳಿದಿದ್ದೆ. ಅಲ್ಲಿಂದ ಬಸ್ಸು ಬದಲಿಸಿ ಬದಲಿಸಿ ಕಾಟ್ಟಿಕುಳಕ್ಕೆ ಬಂದು, ಶೆಡ್ಡಿನಲ್ಲಿ ಕೆಲಸ ಹಿಡಿದು, ಮಗುವನ್ನು ಅಂಗನವಾಡಿಗೆ ಬಿಟ್ಟಿದ್ದೆ. ಮಗುವಿನ ಅಪ್ಪ ಇಲ್ಲ ಎಂದು ಹೇಳಿದ್ದೆ. ಆತ ಇದ್ದ, ಗಟ್ಟಿಮುಟ್ಟಾಗಿಯೇ ಇದ್ದ.

ಗಡಿ ಎನ್ನುವುದು ಜನರಿಗೆ ಗಡಿಯಲ್ಲ. ಈ ದಡದಲ್ಲಿ ಕೆಮ್ಮಿದರೆ ಆ ದಡದಲ್ಲಿ ಕಷಾಯ ಕಾಸುತ್ತಾರೆ. ಶೆಡ್ಡಿನ ಒಬ್ಬೊಬ್ಬ ಹೆಂಗಸಿಗೂ ಆಚೆ ಒಬ್ಬ ಅಣ್ಣನೋ ನಾದಿನಿಯೋ ಇದ್ದೇ ಇದ್ದರು. ನನ್ನ ಊರಿನ ಹೆಸರು ಬಾಯಿಂದ ಬಿದ್ದರೆ ಬಿದ್ದ ದಿನವೇ ಹೊಳೆ ದಾಟುತ್ತಿತ್ತು. ಅದಕ್ಕೆ ಕೇಳಿದವರಿಗೆಲ್ಲ ಒಂದೊಂದು ಊರು ಹೇಳಿದೆ. ಒಬ್ಬಳಿಗೆ ಗುಂಡ್ಲುಪೇಟೆ ಕಡೆ ಅಂದೆ, ಇನ್ನೊಬ್ಬಳಿಗೆ ಕುಟ್ಟ, ಮತ್ತೊಬ್ಬಳಿಗೆ ಸರಗೂರು. ಸುಳ್ಳು ಹೇಳುವುದರಲ್ಲಿ ನಾನಾಗ ಹೊಸಬಳು, ಎಲ್ಲರಿಗೂ ಒಂದೇ ಸುಳ್ಳು ಹೇಳಬೇಕು ಎನ್ನುವಷ್ಟು ಬುದ್ಧಿ ಇರಲಿಲ್ಲ. ನಿಜವಾದ ಊರಿನ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ಈಗ ಹೆದರಿಕೆ ಏನೂ ಇಲ್ಲ, ಅಭ್ಯಾಸ ಅಷ್ಟೆ.

ಮಾಷ್ ಹೇಳುತ್ತಿದ್ದದ್ದು ಒಬ್ಬನೇ ಒಬ್ಬನ ಕಾದಂಬರಿಗಳನ್ನು. ಆತ ಇಂಗ್ಲೆಂಡಿನವನು. ಎಸ್ಟೇಟಿನ ಬಂಗಲೆ ಖಾಲಿ ಮಾಡುವಾಗ ಆ ಪುಸ್ತಕಗಳನ್ನು ಒಲೆಗೆಂದು ರಾಶಿ ಹಾಕಿದ್ದರಂತೆ, ಇವರು ಗೋಣಿಚೀಲದಲ್ಲಿ ತುಂಬಿಕೊಂಡು ಬಂದರಂತೆ. ಹೆಸರನ್ನೂ ಹೇಳಿದ್ದರು, ನಮ್ಮ ಯಾರ ನಾಲಿಗೆಗೂ ಅದು ಹೊರಳಲಿಲ್ಲ, ‘ಇಂಗ್ಲೆಂಡಿನವನು’ ಎಂದೇ ಕರೆದೆವು. ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಒಂದು ಪುಟ ಮನಸ್ಸಿನಲ್ಲಿ ಓದಿಕೊಂಡು, ತಲೆ ಎತ್ತಿ ಕನ್ನಡದಲ್ಲಿ ಹೇಳುತ್ತಿದ್ದರು. ಹೊಟ್ಟಿನ ಪಕ್ಕ ಬೀಡಿ ಹಚ್ಚುವಂತಿರಲಿಲ್ಲ, ಅದಕ್ಕೆ ಪುಟ ತಿರುಗಿಸುವಾಗೆಲ್ಲ ಒಂದು ಚಿಟಿಕೆ ನಶ್ಯ.

ಆ ಇಂಗ್ಲೆಂಡಿನವನ ತಲೆ ಎಂಥದ್ದೋ. ಒಂದು ಕಾದಂಬರಿಯಲ್ಲಿ ಹೊಳೆಗಳೆಲ್ಲ ಒಂದು ಬೆಳಿಗ್ಗೆ ಹಿಂದಕ್ಕೆ ಹರಿದು, ಬೆಟ್ಟದ ನೆತ್ತಿ ಸೇರಿ ಅಲ್ಲೇ ನಿಂತುಬಿಡುತ್ತವೆ. ಕೆಳಗಿನ ಜನ ಒಣಗಿದ ಮರಳಿನಲ್ಲಿ ನಿಂತು, ಅದು ಯಾವಾಗ ಇಳಿದೀತೋ ಎಂದು ತಲೆಯೆತ್ತಿ ಕಾಯುತ್ತಾರೆ. ಇನ್ನೊಂದರಲ್ಲಿ ಸತ್ತವರ ದೇಶಕ್ಕೆ ಒಂದು ಗೇಟು. ಒಳಗೆ ಹೋಗಬೇಕಾದರೆ ಸತ್ತವರು ತಮ್ಮ ಒಂದು ನೆನಪನ್ನು ಗೇಟಿನವನಿಗೆ ಕೊಟ್ಟು ಹೋಗಬೇಕು. ನಮ್ಮ ಬಾವಲಿ ಗೇಟಿನ ಹಾಗೆ ಅದೂ ಸಂಜೆ ಆರಕ್ಕೆ ಮುಚ್ಚುತ್ತದೆಯೇ ಎಂದು ಹೆಂಗಸರು ಕೇಳಿದರು. ತಡವಾಗಿ ಸತ್ತವರು ಬೆಳಗಿನವರೆಗೆ ಲಾರಿಯವರ ಹಾಗೆ ರಸ್ತೆ ಬದಿ ಕಾಯಬೇಕು ಎಂದು ಮಾಷ್ ನಗದೆ ಉತ್ತರ ಕೊಟ್ಟರು. ಇನ್ನು ಕೆಲವು ಕಾದಂಬರಿಗಳಲ್ಲಿ ಆಕಾಶದಿಂದ ಏನೇನೋ ಬೀಳುತ್ತಿತ್ತು. ಏನು ಬಿದ್ದರೂ ಆ ಇಂಗ್ಲೆಂಡಿನವನ ಊರಿಗೇ ಯಾಕೆ ಬೀಳುತ್ತದೆ, ನಮ್ಮ ಕಡೆ ಒಂದೂ ಯಾಕೆ ಬೀಳುವುದಿಲ್ಲ ಎಂದು ಒಬ್ಬಳಿಗೆ ನಿಜವಾಗಿಯೂ ಬೇಜಾರಿತ್ತು.

ಎಲ್ಲರೂ ನಗುವಾಗ ನಾನು ಮಾಷ್ ಕಡೆ ನೋಡುತ್ತಿದ್ದೆ. ಇಂಗ್ಲಿಷ್ ಬಲ್ಲ ಮನುಷ್ಯ ಒಂದು ಲೋಟ ಚಹಾಕ್ಕೆ ಹೆಂಗಸರ ನಡುವೆ ಬಂದು ಧೂಳು ಕುಡಿಯುವುದು ಯಾಕೆ? ಯಾರನ್ನೂ ಗದರುವುದಿಲ್ಲ, ಯಾರ ಮೇಲೂ ಕಣ್ಣು ಹಾಯಿಸುವುದಿಲ್ಲ. ಅತಿ ವಿನಯಂ ಧೂರ್ತಲಕ್ಷಣಂ ಎಂದು ನಮ್ಮಪ್ಪ ಹೇಳುತ್ತಿದ್ದ. ಎಲ್ಲಕ್ಕಿಂತ ನನ್ನನ್ನು ಚುಚ್ಚಿದ್ದು ಒಂದೇ ಸಂಗತಿ. ಶೆಡ್ಡಿನಲ್ಲಿ ನನ್ನ ಊರು ಯಾವುದೆಂದು ಕೇಳದೆ ಉಳಿದವರು ಅವರೊಬ್ಬರೇ. ಕೇಳದವನಿಗೆ ಆಗಲೇ ಗೊತ್ತಿರಬೇಕು ಎಂದು ನನ್ನ ಲೆಕ್ಕ. ಗಂಡನ ಮನೆಯವರೇ ಇಟ್ಟ ಕಣ್ಣು ಇರಬಹುದೇ ಎಂದೂ ಅನ್ನಿಸಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು.

ಗೇಟಿನ ಕಥೆ ಮುಗಿದ ಮೇಲೆ ಅವರು ಎತ್ತಿಕೊಂಡ ಕಾದಂಬರಿಯೇ ಎಲ್ಲಕ್ಕೂ ಮೂಲ. ಇಂಗ್ಲೆಂಡಿನ ಒಂದು ಸಣ್ಣ ಊರು, ಊರಂಚಿಗೆ ಜೌಗು. ಮಾಷ್ ಅದನ್ನು ವಯಲು ಎಂದರು. ಕಾಲಿಟ್ಟರೆ ಮೊಣಕಾಲಿನವರೆಗೆ ಹೂಳುವ ಇಲ್ಲಿನ ಗದ್ದೆಬಯಲು ನಮ್ಮ ಕಣ್ಣಿಗೆ ಬಂತು. ಆಕಾಶದಿಂದ ಏನೋ ಒಂದು ಆ ವಯಲಿನ ಮಂಜಿನೊಳಗೆ ಬಿದ್ದಿದೆ, ಅದು ಮನುಷ್ಯರ ರೂಪದಲ್ಲಿ ಊರಿಗೆ ಬಂದು ಸೇರಿಕೊಂಡಿದೆ. ಅದಕ್ಕೆ ಮೈಯಿದೆ, ಮಾತಿದೆ, ಹಸಿವಿದೆ. ಬಾಲ್ಯ ಮಾತ್ರ ಇಲ್ಲ. ಅದಕ್ಕೇ ಬೇರೆಯವರ ಬಾಲ್ಯವನ್ನು ಕೇಳಿಸಿಕೊಂಡು ತನ್ನದೆಂದು ಹೇಳುತ್ತದೆ. ಊರಿಗೆ ಹೊಸದಾಗಿ ಬಂದ ಹೆಂಗಸೊಬ್ಬಳ ಮೇಲೆ ಜನರಿಗೆ ಅನುಮಾನ. ಆಗ ಆ ಊರಿನ ಶಾಲೆಯ ಮೇಷ್ಟ್ರು ಒಂದು ಉಪಾಯ ಹೇಳಿಕೊಡುತ್ತಾನೆ: ಎಲ್ಲರೂ ಒಟ್ಟಿಗೆ ಕೂತು ಚಿಕ್ಕಂದಿನ ಒಂದೊಂದು ಸಂಗತಿ ಹೇಳಬೇಕು. ಯಾರ ಹತ್ತಿರ ಸ್ವಂತದ್ದು ಇಲ್ಲವೋ ಅವರೇ ಅದು.

ನಮ್ಮ ಹೆಂಗಸರು ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು. ಚಹಾದ ಹೊತ್ತಿಗೆ ಅದೇ ಆಟ ಶುರುವಾಯಿತು. ಮೊದಮೊದಲು ಎಲ್ಲ ತಮಾಷೆಯೇ. ಒಬ್ಬಳು ಹೊಳೆಯ ನೆರೆಯಲ್ಲಿ ತೇಲಿ ಹೋದ ಕರುವಿನ ಕಥೆ ಹೇಳಿದಳು. ಇನ್ನೊಬ್ಬಳು ಕಾಲ್ಗೆಜ್ಜೆ ಕಳೆದುಕೊಂಡು ಮನೆಗೆ ಹೋಗಲು ಹೆದರಿ ಅಟ್ಟದ ಮೇಲೆ ಅಡಗಿ ಕೂತದ್ದನ್ನು ಹೇಳಿದಳು. ನನ್ನ ಸರದಿ ಬರುವಾಗೆಲ್ಲ ನಾನು ಅಂಗನವಾಡಿಯಿಂದ ಮಗುವನ್ನು ಕರೆತರುವ ನೆಪ ಹೇಳಿ ಎದ್ದು ಹೋಗುತ್ತಿದ್ದೆ. ನನಗೂ ಬಾಲ್ಯ ಇತ್ತು, ಇಲ್ಲದೆ ಏನು. ಆದರೆ ಅದರ ತುಂಬ ಊರಿನ ದೇವರ ಹೆಸರು, ಕೆರೆಯ ಹೆಸರು, ಅಜ್ಜನ ಹೆಸರು. ಯಾವುದನ್ನು ಬಿಟ್ಟು ಯಾವುದನ್ನು ಹೇಳುವುದು? ದಿನ ಹೋದಂತೆ ತಮಾಷೆ ಕಡಿಮೆಯಾಯಿತು, ನಾನು ಏಳುವುದನ್ನು ಎಲ್ಲರೂ ನೋಡತೊಡಗಿದರು. ಗುಂಡ್ಲುಪೇಟೆಯವಳು, ಕುಟ್ಟದವಳು, ಸರಗೂರಿನವಳು ಒಬ್ಬಳೇ ಎನ್ನುವುದೂ ಅವರವರಲ್ಲಿ ಮಾತಾಗಿ ಹೊರಬಿತ್ತು.

ತೃಶ್ಶಿಲೇರಿಯಿಂದ ಬರುತ್ತಿದ್ದ ಒಬ್ಬಳು ನಮ್ಮಲ್ಲೆಲ್ಲ ಹಿರಿಯಳು. ತೃಶ್ಶಿಲೇರಿ ಅಕ್ಕ ಎಂದೇ ಎಲ್ಲರೂ ಕರೆಯುತ್ತಿದ್ದರು. ದೊಡ್ಡ ಗಂಟಲು, ಚುರುಕು ಕಣ್ಣು, ಅವಳ ಮೊರದಲ್ಲಿ ಒಂದು ಕರಿ ಬೀಜ ಉಳಿಯುತ್ತಿರಲಿಲ್ಲ. ಆಟ ಶುರುವಾಗುವುದಕ್ಕಿಂತ ಬಹಳ ಮೊದಲು ಆಕೆ ಪಕ್ಕದವಳಿಗೆ ತನ್ನ ಚಿಕ್ಕಂದಿನದೊಂದು ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ತಾನೊಬ್ಬಳೇ ತಿನ್ನಬೇಕೆಂದು ಒಂದು ಹಲಸಿನಕಾಯಿಯನ್ನು ಹುಲ್ಲಿನ ಮೆದೆಯೊಳಗೆ ಹಣ್ಣಿಗಿಟ್ಟು ಮರೆತಳಂತೆ. ಅದರ ವಾಸನೆ ಹಿಡಿದು ಆನೆ ಬಂದು ಮೆದೆ, ಕೊಟ್ಟಿಗೆ ಎರಡನ್ನೂ ಕೆಡವಿತಂತೆ. ಅವ್ವ ಸೌಟಿನಲ್ಲಿ ಹೊಡೆದು, ಸೌಟಿನ ಹಿಡಿ ಮುರಿದ ಮೇಲೆ ಇವಳನ್ನೇ ತಬ್ಬಿಕೊಂಡು ಅತ್ತಳಂತೆ.

ಒಂದು ದಿನ ನನ್ನನ್ನು ಏಳಲು ಬಿಡಲಿಲ್ಲ. ಇವತ್ತು ಹೇಳಲೇಬೇಕು ಎಂದು ಹಿಡಿದು ಕೂರಿಸಿದರು. ಬಾಯಿಗೆ ಬಂದದ್ದು ಅದೇ ಕಥೆ. ಗೊತ್ತಾಗದ ಹಾಗೆ ಹಲಸನ್ನು ಮಾವು ಮಾಡಿದೆ, ಮೆದೆಯನ್ನು ಕಾಳು ತುಂಬುವ ಪಣತ ಮಾಡಿದೆ, ಆನೆಯ ಬದಲು ಕರಡಿ ತಂದೆ. ಕರಡಿ ಬಂದು ಹೋದ ಮೇಲೆ ಅವ್ವ ಸೌಟಿನಲ್ಲಿ ಹೊಡೆದು ಅತ್ತಳು ಎಂದು ಮುಗಿಸಿದೆ. ಆ ಕೊನೆಯದಷ್ಟು ಪೂರ್ತಿ ಸುಳ್ಳಲ್ಲ, ನನ್ನ ಅವ್ವನೂ ಹೊಡೆದ ಮೇಲೆ ಅಳುವವಳು.

“ನಿಲ್ಲು,” ಎಂದಳು ತೃಶ್ಶಿಲೇರಿ ಅಕ್ಕ. “ಹಲಸು ಹೋಗಿ ಮಾವಾಯ್ತು, ಆನೆ ಹೋಗಿ ಕರಡಿ ಆಯ್ತು. ಸೌಟು ಮಾತ್ರ ನಮ್ಮವ್ವಂದೇ ಕಣವ್ವ.”

ಎಲ್ಲ ಮೊರಗಳೂ ನಿಂತವು. ಆ ಹೊತ್ತಿನಿಂದ ನಾನು ಮುಟ್ಟಿದ ಕೊಡದ ನೀರನ್ನು ಯಾರೂ ಕುಡಿಯಲಿಲ್ಲ, ನನ್ನ ಮಗುವಿನ ಕೈಗೆ ಬೆಲ್ಲ ಕೊಡುತ್ತಿದ್ದವರು ಸೆರಗು ಬಿಗಿದುಕೊಂಡು ಕೂತರು. ಕಥೆ ಸುಳ್ಳು ಎಂದು ಅವರಿಗೂ ಗೊತ್ತಿತ್ತು. ಆದರೆ ಕಥೆಯಲ್ಲಿ ಹೇಳಿದ ಹಾಗೇ ಒಬ್ಬಳು ಕಣ್ಣೆದುರು ಕೂತಿದ್ದಾಳಲ್ಲ ಎಂದು ಅವರ ಗೊಂದಲ.

ಅವತ್ತು ನಲ್ಲಿಯ ಹತ್ತಿರ ಕೈ ತೊಳೆಯುವಾಗ ಮಾಷ್ ಬಂದು ಸ್ವಲ್ಪ ದೂರ ನಿಂತರು. ಸುತ್ತ ಯಾರೂ ಇರಲಿಲ್ಲ.

“ಕಥೆ ಕದಿಯೋದಾದ್ರೆ ದೂರದವರದ್ದು ಕದೀಬೇಕವ್ವ,” ಎಂದರು ಮೆಲ್ಲಗೆ. “ಮಗ್ಗುಲಲ್ಲಿ ಕೂತವರದ್ದಲ್ಲ.”

ನನ್ನ ಊರು ಯಾವುದೆಂದು ನಿಮಗೆ ಗೊತ್ತೇ ಎಂದು ಕೇಳಿಯೇ ಬಿಟ್ಟೆ.

“ನಾನು ಕೇಳಿಲ್ಲ. ಕೇಳೋದೂ ಇಲ್ಲ,” ಎಂದು ಹೇಳಿ ಹೋದರು. ಆ ಮಾತಿನಿಂದ ಸಮಾಧಾನ ಆಗಬೇಕಿತ್ತು. ನನಗೆ ಅನುಮಾನ ಇನ್ನೂ ಹೆಚ್ಚಾಯಿತು. ಇಷ್ಟು ತಿಳಿದವನು ಇದಕ್ಕೆ ಬದಲಾಗಿ ಏನು ಕೇಳುತ್ತಾನೋ ಎಂದು ಕಾಯತೊಡಗಿದೆ.

ಅಷ್ಟರಲ್ಲಿ ಇನ್ನೊಂದು ಬಂತು. ತೃಶ್ಶಿಲೇರಿ ಅಕ್ಕನ ತಮ್ಮ ಕ್ಯಾಮೆರಾ ಇರುವ ಫೋನು ತೆಗೆದುಕೊಂಡಿದ್ದ, ನಮ್ಮ ಕಡೆ ಅದು ಆಗ ಹೊಸದು. ಭಾನುವಾರ ಅವನು ಆಚೆ ದಡಕ್ಕೆ ಒಂದು ಮದುವೆಗೆ ಹೋಗುವವನಿದ್ದ. ಇವಳ ಪಟ ತೆಗೆದು ಮದುವೆ ಮನೆಯಲ್ಲಿ ನಾಲ್ಕು ಜನರಿಗೆ ತೋರಿಸಿದರೆ ಯಾರ ಮಗಳು, ಯಾರ ಸೊಸೆ ಎಂದು ತಿಳಿಯುತ್ತದೆ, ನಮ್ಮ ಮನಸ್ಸಿಗೂ ನೆಮ್ಮದಿ ಎಂದು ಆಕೆ ಎಲ್ಲರೆದುರೇ ಹೇಳಿದಳು. ಕೆಟ್ಟತನದಿಂದ ಹೇಳಿದ್ದಲ್ಲ. ನನಗೆ ಒಳ್ಳೆಯದೇ ಆಗುತ್ತದೆ, ಮನೆಯವರು ಬಂದು ಕರೆದುಕೊಂಡು ಹೋಗುತ್ತಾರೆ ಎಂದೂ ಸೇರಿಸಿದಳು. ಶನಿವಾರ ಕೆಲಸ ಬಿಡುವ ಹೊತ್ತಿಗೆ ಅವನು ಶೆಡ್ಡಿಗೆ ಬರುವುದೆಂದು ಆಯಿತು. ಬೇಡ ಎಂದರೆ ಅನುಮಾನ ಗಟ್ಟಿಯಾಗುತ್ತದೆ. ಹೂಂ ಎಂದರೆ ಸೋಮವಾರದೊಳಗೆ ಮಗಳು ನನ್ನ ಕೈಯಲ್ಲಿ ಇರುವುದಿಲ್ಲ. ಓಡಿಹೋಗೋಣವೆಂದರೆ ಹೋಗಲು ಇನ್ನೊಂದು ಊರೇ ಉಳಿದಿರಲಿಲ್ಲ…

ಶನಿವಾರ ಮಧ್ಯಾಹ್ನ ಮಾಷ್ ಬಂದು ಕೂತು, ಇವತ್ತು ಕಥೆ ಮುಗಿಯುತ್ತದೆ ಎಂದರು. ನನಗೆ ಆಶ್ಚರ್ಯವಾಯಿತು. ಪುಸ್ತಕದಲ್ಲಿ ಇನ್ನೂ ಕಾಲುಭಾಗಕ್ಕೂ ಹೆಚ್ಚು ಉಳಿದಿರುವುದು ನನಗೆ ಕಾಣುತ್ತಿತ್ತು. ನನ್ನದು ಎಲ್ಲವನ್ನೂ ಗಮನಿಸುವ ಕಣ್ಣು. ಅವರು ಅವತ್ತು ಪುಟ ನೋಡಲೇ ಇಲ್ಲ, ಬೆರಳು ಸಿಕ್ಕಿಸಿ ಹಾಗೇ ಹೇಳುತ್ತ ಹೋದರು.

ಊರಿನವರೆಲ್ಲ ಪಳ್ಳಿಯಲ್ಲಿ, ಅಂದರೆ ಅವರ ಚರ್ಚಿನಲ್ಲಿ, ಸೇರಿದ್ದಾರೆ. ಹೊಸಬಳನ್ನು ನಡುವೆ ನಿಲ್ಲಿಸಿದ್ದಾರೆ. ಹೇಳು ನಿನ್ನ ಬಾಲ್ಯ ಎಂದು ಮೇಷ್ಟ್ರು ಕೇಳುತ್ತಾನೆ. ಅವಳು ಬಾಯಿ ತೆರೆಯುವುದರೊಳಗೆ ಮೂಲೆಯಲ್ಲಿ ಕೂತ ಒಬ್ಬ ಮುದುಕಿ ಕೇಳುತ್ತಾಳೆ: ಮೇಷ್ಟ್ರೇ, ಊರಿನ ಎಲ್ಲರ ಬಾಲ್ಯವನ್ನೂ ಕೇಳಿದಿರಿ, ನಿಮ್ಮದನ್ನು ಯಾರಿಗಾದರೂ ಹೇಳಿದ್ದೀರಾ? ಮೇಷ್ಟ್ರು ಸುಮ್ಮನಾಗುತ್ತಾನೆ. ವಯಲಿನ ಮಂಜಿನಿಂದ ಎದ್ದು ಬಂದದ್ದು ಅವನೇ. ಜೇನುಪೆಟ್ಟಿಗೆಗಳಿಂದ ತುಪ್ಪ ತೆಗೆಯುವ ಹಾಗೆ ಎಲ್ಲರ ಬಾಲ್ಯ ತೆಗೆದುಕೊಳ್ಳಲೆಂದೇ ಆ ಆಟ ಕಲಿಸಿದ್ದ. ಹೊಸಬಳು ಪಾಪದ ಹೆಂಗಸು, ದೂರದ ಊರಿನವಳು, ಅಷ್ಟೆ.

ತೃಶ್ಶಿಲೇರಿ ಅಕ್ಕ ಮೊರವನ್ನು ಕೆಳಗಿಟ್ಟಳು.

“ಅದು ಸರಿ ಮಾಷೇ. ನಿಮ್ಮ ಚಿಕ್ಕಂದಿಂದು ಒಂದು ಹೇಳಿ ನೋಡಣ.”

ಮಾಷ್ ಪುಸ್ತಕ ಮುಚ್ಚಿದರು. ಒಂದು ಚಿಟಿಕೆ ನಶ್ಯ ಏರಿಸಿದರು. ಆಕೆಯ ಮುಖವನ್ನೇ ನೋಡುತ್ತ ಶುರುಮಾಡಿದರು: “ನಾನು ಚಿಕ್ಕವನಿದ್ದಾಗ ನಮ್ಮನೆ ಹುಲ್ಲು ಮೆದೆಯೊಳಗೆ ಒಂದು ಹಲಸು ಬಚ್ಚಿಟ್ಟಿದ್ದೆ. ವಾಸನೆಗೆ ಆನೆ ಬಂತು. ನಮ್ಮವ್ವ ಸೌಟಲ್ಲಿ ಹೊಡೆದ್ಲು. ಹಿಡಿ ಮುರಿದ್ಮೇಲೆ ನನ್ನ ತಬ್ಕೊಂಡು ಅತ್ಲು.”

ಆಮೇಲೆ ನಿಲ್ಲಲೇ ಇಲ್ಲ. ನೆರೆಗೆ ಹೋದ ಕರುವಿನವಳ ಕಡೆ ತಿರುಗಿ ಆ ಕರು ತಮ್ಮದೆಂದರು. ಗೆಜ್ಜೆಯವಳ ಕಡೆ ತಿರುಗಿ ಅಟ್ಟದ ಮೇಲೆ ಅಡಗಿದ್ದು ತಾವೆಂದರು. ಒಬ್ಬೊಬ್ಬಳ ಎದುರೂ ಅವಳವಳ ಬಾಲ್ಯವನ್ನು ಒಂದು ಮಾತೂ ಬದಲಿಸದೆ ಹೇಳಿದರು. ಒಬ್ಬಳು ಅಳಲು ಶುರುಮಾಡಿದಳು. ಇಬ್ಬರು ಮೊರ ಒದ್ದು ಎದ್ದು ನಿಂತರು. ಅಷ್ಟರಲ್ಲಿ ಅಕ್ಕನ ತಮ್ಮ ಫೋನು ಹಿಡಿದು ಬಂದ. ಯಾರ ಪಟ ತೆಗೆಯಬೇಕೆಂದು ಅವನು ಕೇಳಿದಾಗ ಹೆಂಗಸರೆಲ್ಲ ಒಟ್ಟಿಗೆ ಮಾಷ್ ಕಡೆ ಕೈ ತೋರಿಸಿದರು. ಅವರು ಅಲ್ಲಾಡದೆ ಕೂತು ತೆಗೆಸಿಕೊಂಡರು. ಭಾನುವಾರ ಹೊಳೆ ದಾಟಿದ್ದು ಅವರ ಪಟ. ಮದುವೆ ಮನೆಯಲ್ಲಿ ಒಬ್ಬರೂ ಗುರುತು ಹಿಡಿಯಲಿಲ್ಲವಂತೆ.

ಅಷ್ಟು ಸಾಕಾಯಿತು. ಗಂಡಸರು ಬಂದು ಮೊದಲಾಳಿಯ ಹತ್ತಿರ ಮಾತಾಡಿದರು, ಶೆಡ್ಡಿನಲ್ಲಿ ಕಥೆ ನಿಂತಿತು. ವಾಚನಶಾಲೆಯ ಕೋಣೆಗೆ ಸಾರು, ಮೀನು ಕಳಿಸುತ್ತಿದ್ದ ಮನೆಗಳು ಕಳಿಸುವುದನ್ನು ಬಿಟ್ಟವು. ಊಟ ಮಾಡದ ಮಕ್ಕಳಿಗೆ ಮಾಷ್ ಬರುತ್ತಾರೆ ಎಂದು ಹೆದರಿಸುವುದು ರೂಢಿಯಾಯಿತು. ಊರ ಬಾಯಿ ಮುಚ್ಚಿಸುವವರು ಯಾರು? ನನ್ನ ವಿಷಯ ಎಲ್ಲರಿಗೂ ಮರೆತೇ ಹೋಯಿತು. ಪಾಪ, ಆ ಹುಡುಗಿಯ ಮೇಲೆ ಸುಮ್ಮನೆ ಅನುಮಾನಪಟ್ಟೆವು ಎಂದು ತೃಶ್ಶಿಲೇರಿ ಅಕ್ಕನೇ ನನ್ನ ಮಗಳಿಗೆ ಒಂದು ಲಂಗ ಹೊಲಿಸಿಕೊಟ್ಟಳು. ನಾನು ಉಳಿದೆ, ಮಗಳು ಉಳಿದಳು. ಶೆಡ್ಡು ಮುಚ್ಚಿದ ಮೇಲೆ ಹೊಲಿಗೆ ಕಲಿತು ಬಸ್‌ಸ್ಟ್ಯಾಂಡಿನ ಹತ್ತಿರ ಸಣ್ಣ ಅಂಗಡಿ ಹಾಕಿದೆ.

ಮಾಷ್ ನನಗಾಗಿ ಹಾಗೆ ಮಾಡಿದರು ಎಂದು ಆಗ ನಾನು ನಂಬಲಿಲ್ಲ. ಕಥೆ ಇದ್ದದ್ದೇ ಹಾಗೆ, ಇವರು ತಮಾಷೆ ಮಾಡಲು ಹೋಗಿ ಸಿಕ್ಕಿಬಿದ್ದರು ಎಂದು ಒಂದು ಮನಸ್ಸು. ಇಲ್ಲ, ಬೇಕೆಂದೇ ಮಾಡಿದ್ದಾರೆ, ಇವತ್ತಲ್ಲ ನಾಳೆ ಬಾಗಿಲಿಗೆ ಬಂದು ಇದರ ಬದಲಿಗೆ ಏನಾದರೂ ಕೇಳುತ್ತಾರೆ ಎಂದು ಇನ್ನೊಂದು ಮನಸ್ಸು. ವರ್ಷಗಟ್ಟಲೆ ಕಾದೆ. ಅವರು ಬರಲೇ ಇಲ್ಲ. ರಸ್ತೆಯಲ್ಲಿ ಎದುರಾದರೆ ಎಲ್ಲರಿಗೂ ಮಾಡುವ ಹಾಗೆ ತಲೆ ಅಲ್ಲಾಡಿಸಿ ಹೋಗುತ್ತಿದ್ದರು. ಮಗಳು ಶಾಲೆಗೆ ಹೋಗುವಾಗಿನಿಂದ ವಾಚನಶಾಲೆಯ ಹುಚ್ಚು ಹಿಡಿಸಿಕೊಂಡಳು. ನಾನು ಹಿಂದೆಯೇ ಹೋಗಿ ಕಿಟಕಿಯಿಂದ ನೋಡುತ್ತಿದ್ದೆ. ಅವರು ಬಾಗಿಲು ಪೂರ್ತಿ ತೆರೆದಿಟ್ಟು, ದೂರದ ಮೇಜಿನಲ್ಲಿ ಬೆನ್ನು ತಿರುಗಿಸಿ ಕೂತು ಏನೋ ಓದುತ್ತಿರುತ್ತಿದ್ದರು. ಯಾರಾದರೂ ಮಕ್ಕಳು ಧೈರ್ಯ ಮಾಡಿ ಊರು ಕೇಳಿದರೆ ಹಲಸಿನ ಕಥೆ ಹೇಳುತ್ತಿದ್ದರಂತೆ. ಕಾಲ ಹೋದಂತೆ ಹೊಸ ತಲೆಮಾರಿಗೆ ಅದು ಅವರದ್ದೇ ಕಥೆಯಾಯಿತು, ಹೆದರಿಕೆಯೂ ಕರಗಿತು.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಆಗಲೇ ವಾಚನಶಾಲೆಯ ಕೆಲಸ ನನ್ನ ಮಗಳ ಕೈಗೆ ಬಂದಿತ್ತು. ಕೋಣೆ ಖಾಲಿ ಮಾಡುವಾಗ ಇಂಗ್ಲೆಂಡಿನವನ ಪುಸ್ತಕಗಳನ್ನೆಲ್ಲ ಕಪಾಟಿಗೆ ಸೇರಿಸಿ, ಒಂದೊಂದಾಗಿ ಮನೆಗೆ ತಂದು ಓದಿದಳು. ಒಂದು ಸಂಜೆ ನಾನು ಕುಪ್ಪಸಕ್ಕೆ ಕೊಕ್ಕೆ ಹಾಕುತ್ತ ಕೂತಿದ್ದಾಗ ಒಂದರ ಕಥೆ ಹೇಳತೊಡಗಿದಳು. ವಯಲು, ಮಂಜು, ಹೊಸಬಳು. ಸೂಜಿ ಅಲ್ಲೇ ನಿಂತಿತು. ಕೊನೆಗೆ ಏನಾಗುತ್ತದೆ ಎಂದು ಕೇಳಿದೆ.

ಆ ಪುಸ್ತಕದಲ್ಲಿ ಮೇಷ್ಟ್ರು ಬರೀ ಮೇಷ್ಟ್ರೇ, ಒಳ್ಳೆಯ ಮನುಷ್ಯ. ಮಂಜಿನಿಂದ ಬಂದದ್ದು ಹೊಸಬಳೇ. ಅವಳು ಅಳುತ್ತ ತನ್ನ ಬಾಲ್ಯ ಹೇಳುತ್ತಾಳೆ, ಎಲ್ಲರೂ ನಂಬುತ್ತಾರೆ. ಆಗ ಮುದುಕಿಯೊಬ್ಬಳು ಎದ್ದು ಅದು ನನ್ನ ಕಥೆ ಎನ್ನುತ್ತಾಳೆ. ಬೆಳಗಾಗುವಾಗ ಊರಿನವರು ಅವಳನ್ನು ವಯಲಿಗೆ ನಡೆಸಿಕೊಂಡು ಹೋಗುತ್ತಾರೆ. ಮೇಷ್ಟ್ರು ಕಂದೀಲು ಹಿಡಿದು ಮುಂದೆ ಹೋಗುತ್ತಾನೆ. ಅವಳು ಒಂದೂ ಮಾತಾಡದೆ ಕೆಸರಿಗೆ ಇಳಿಯುತ್ತಾಳೆ. ಕೊನೆಯ ಪುಟದಲ್ಲಿ ಊರು ಬಹಳ ದಿನದ ಮೇಲೆ ನೆಮ್ಮದಿಯಿಂದ ನಿದ್ದೆ ಮಾಡುತ್ತದೆ.

ಅಂದರೆ ನಾನು ಸೌಟಿನ ಕಥೆ ಹೇಳಿ ಸಿಕ್ಕಿಬಿದ್ದಾಗ, ಮುಂದಿನ ಪುಟಗಳಲ್ಲಿ ಅಂಥವಳಿಗೆ ಏನಾಗುತ್ತದೆ ಎಂದು ಶೆಡ್ಡಿನಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು. ಅವರು ಆ ಪುಟಗಳನ್ನು ನುಂಗಿಕೊಂಡು ತಾವೇ ಕೆಸರಿಗಿಳಿದರು. ಯಾಕಮ್ಮ ಹೀಗೆ ಬೆವರಿದ್ದೀಯ ಎಂದು ಮಗಳು ಕೇಳಿದಳು. ಅವತ್ತು ಅವಳಿಗೆ ಎಲ್ಲವನ್ನೂ ಹೇಳಿದೆ, ಅವಳ ಅಪ್ಪನ ಊರಿನ ಹೆಸರನ್ನೂ. ಮಾಷ್ ಎದುರು ಹೋಗಿ ಕೈ ಮುಗಿಯಬೇಕೆಂದು ನನಗೆ ಜೀವಮಾನದಲ್ಲಿ ಮೊದಲ ಸಲ ಅನ್ನಿಸಿದ ಹೊತ್ತಿಗೆ ಅವರಿಲ್ಲ. ಎಷ್ಟು ಸಂಕಟವಾಯಿತೆಂದು ಬರೆಯಲು ಬರುವುದಿಲ್ಲ.

ಬಸ್ಸಿನಲ್ಲಿ ಆ ನಶ್ಯ ಮೂಗಿಗೆ ಬಂದ ವಾರವೇ ವಾಚನಶಾಲೆಯಲ್ಲಿ ಮಾಷ್ ನೆನಪಿನ ಸಭೆ ಇಟ್ಟಿದ್ದರು. ಅಧ್ಯಕ್ಷರು ಮಲಯಾಳದಲ್ಲಿ ಅವರ ಜೀವನದ ಬಗ್ಗೆ ಮಾತಾಡಿದರು. ಬಾಲ್ಯದ ಭಾಗ ಬಂತು. ಹಲಸು ಬಚ್ಚಿಟ್ಟ ಹುಡುಗ, ಮೆದೆ ಕೆಡವಿದ ಆನೆ, ಸೌಟು ಮುರಿದು ಅತ್ತ ತಾಯಿ, ನೆರೆಗೆ ಹೋದ ಕರು… ಹಿಂದಿನ ಬೆಂಚಿನಲ್ಲಿ ನಮ್ಮ ಶೆಡ್ಡಿನ ಹೆಂಗಸರು ನಾಲ್ಕೈದು ಜನ ಕೂತಿದ್ದರು, ಎಲ್ಲರಿಗೂ ತಲೆ ನೆರೆತಿದೆ. ಕರು ಕಳೆದುಕೊಂಡವಳು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಮಾಷ್ ಬಗ್ಗೆ ತಿಳಿದವರು ಇನ್ನೂ ಏನಾದರೂ ಸೇರಿಸುವುದಿದೆಯೇ ಎಂದು ಅಧ್ಯಕ್ಷರು ಕೇಳಿದಾಗ ತೃಶ್ಶಿಲೇರಿ ಅಕ್ಕ ಊರುಗೋಲು ಹಿಡಿದು ಎದ್ದಳು. ಈಗ ಎಲ್ಲ ಹೊರಬೀಳುತ್ತದೆ ಅಂದುಕೊಂಡೆ.

“ಹೌದು,” ಎಂದಳು ಕನ್ನಡದಲ್ಲೇ. “ಆ ಹಲಸು ಮಾಷ್ ಮನೇದೇ. ಸೌಟೂ ಅವರವ್ವಂದೇ. ನಾನು ಬಲ್ಲೆ.” ಅಷ್ಟು ಹೇಳಿ ಕೂತಳು.

ಆಕೆಗೆ ಯಾವಾಗ ತಿಳಿಯಿತು, ಎಷ್ಟು ತಿಳಿಯಿತು? ನಾನು ಕೇಳಲಿಲ್ಲ, ಆಕೆ ಹೇಳಲಿಲ್ಲ. ಎಲ್ಲರೂ ಎದ್ದು ಮೌನವಾಗಿ ನಿಂತೆವು. ಕಣ್ಣು ಮುಚ್ಚಿಕೊಂಡರೆ ನಲ್ಲಿಯ ಹತ್ತಿರ ಅವರು ಹೇಳಿದ ಮಾತೇ ಕಿವಿಯಲ್ಲಿ. ಕದಿಯುವುದಾದರೆ ದೂರದವರದ್ದು ಕದಿಯಬೇಕು ಎನ್ನುವ ಬುದ್ಧಿ ಒಬ್ಬ ಮನುಷ್ಯನಿಗೆ ಪುಸ್ತಕದಿಂದ ಬರುವುದಿಲ್ಲ. ಅವರೂ ಯಾವುದೋ ಒಂದು ಗೇಟು ಬಿಟ್ಟು ಸುತ್ತುದಾರಿಯಲ್ಲಿ ಬಂದವರೇ ಇರಬೇಕು. ಅವರನ್ನೂ ಯಾರೋ ಹುಡುಕಿರಬೇಕು, ಹುಡುಕಿ ದಣಿದಿರಬೇಕು. ಅವರಿಗೂ ಹೊಡೆದು ಅಳುವ ಒಬ್ಬಳು ಅವ್ವ ಇದ್ದಿರಬೇಕು. ಇದೆಲ್ಲ ನನ್ನ ಅನುಮಾನ ಮಾತ್ರ. ನಿಮ್ಮ ಮನುಷ್ಯ ಇಲ್ಲಿದ್ದರು, ಚೆನ್ನಾಗಿದ್ದರು, ಹೋದರು ಎಂದು ಒಂದು ಮಾತು ಹೇಳಿ ಕಳಿಸೋಣವೆಂದರೆ ಯಾವ ಊರಿಗೆ ಹೇಳಿ ಕಳಿಸುವುದೋ ನಮಗೆ ಯಾರಿಗೂ ಗೊತ್ತಿಲ್ಲ.